ಅಮ್ಮನ ಹೆಸರಿನ ಮೀನು

ಥೊವಕ್ಕನ ಬಲಗೈಯಲ್ಲಿ ಉಳಿದಿರುವುದು ಮೂರೇ ಬೆರಳು. ಇನ್ನೆರಡು ನಾಗರಹಾವಿಗೆ ಹೋದವು. ಆದರೂ ಆ ಮೂರು ಬೆರಳಿನ ಕೈಗೇ ನಮ್ಮೂರಲ್ಲಿ ಹೆಸರು. ನಾವು ಅಜ್ಜಂದಿರ ಕಾಲದಿಂದ ನಾಗರ ಸಾಕಿದವರು. ಮರಿ ಮೇವು ಮುಟ್ಟದಿದ್ದರೆ ಬಾಯಿ ಬಿಡಿಸಿ, ಜಜ್ಜಿದ ಕಪ್ಪೆಮಾಂಸವನ್ನು ಅನ್ನ ತಿನ್ನುವ ಕಡ್ಡಿಯಿಂದ ಗಂಟಲಿಗೆ ತಳ್ಳುತ್ತೇವೆ. ಹಟಮಾರಿ ಮಗುವಿಗೆ ತುತ್ತು ತುರುಕಿದ ಹಾಗೆ, ಅಷ್ಟೇ.

ಗಂಡ ತೀರಿಹೋದ ಮೇಲೆ ಅವಳು ತಾಮ್ ದಾವೊ ಬೆಟ್ಟದ ಬುಡದಲ್ಲಿರುವ ಅಪರೂಪದ ಹಾವು ಸಾಕಿ ಉಳಿಸುವ ಕೇಂದ್ರಕ್ಕೆ ಕೆಲಸಕ್ಕೆ ಬಂದಳು. ನಾನು ಅಲ್ಲಿ ಅಡುಗೆಯವಳು. ಅವಳಿಗೆ ವಹಿಸಿದ್ದು ಕೊಂಬಿನ ಕೇರೆಗಳನ್ನು. ಮರದ ಮೇಲೇ ಬಾಳುವ ಹಸಿರು ಹಾವು, ಮೂಗಿನ ತುದಿಗೊಂದು ಪುಟ್ಟ ಕೊಂಬು. ನೋಡಲು ಚೆಂದ, ಸಾಕಲು ಪ್ರಾಣಸಂಕಟ. ಬಟ್ಟಲಿನ ನೀರು ಕುಡಿಯುವುದಿಲ್ಲ, ಎಲೆಯ ಮೇಲೆ ಹನಿ ಚಿಮುಕಿಸಬೇಕು. ಸೆಖೆ ತಡೆಯುವುದಿಲ್ಲ, ಗೋಡೆಗೆ ಒದ್ದೆ ಗೋಣಿ ಕಟ್ಟಬೇಕು. ಯಾರಾದರೂ ಧಡಧಡ ನಡೆದರೆ ತಿಂದದ್ದನ್ನೆಲ್ಲ ಕಕ್ಕಿಬಿಡುತ್ತದೆ. ಇಷ್ಟು ನಾಜೂಕಿನ ಸೊಸೆ ನನ್ನ ಮನೆಗೆ ಬಂದಿದ್ದರೆ ನಾನೇ ಮನೆ ಬಿಟ್ಟು ಹೋಗುತ್ತಿದ್ದೆ.

ಹೋದ ವರ್ಷ ಐದು ಮರಿ ಆಗಿದ್ದವು. ಒಂದೂ ತಿನ್ನಲಿಲ್ಲ. ಥೊವಕ್ಕ ಊರಿನ ಪದ್ಧತಿಯಂತೆ ಬಾಯಿ ಬಿಡಿಸಿ ತಿನ್ನಿಸಿದಳು. ಐದೂ ಒಂದೊಂದಾಗಿ ಅವಳ ಕೈಯಲ್ಲೇ ಸತ್ತವು. ಆ ವಾರವೇ ಊರಿನಲ್ಲಿ ಅವಳ ತಾಯಿಯೂ ತೀರಿಕೊಂಡಳು. ಕೊನೆಯ ಮರಿ ಒದ್ದಾಡುತ್ತಿತ್ತೆಂದು ಥೊವಕ್ಕ ಹೊರಡಲು ತಡಮಾಡಿದಳು. ಹೋಗುವಷ್ಟರಲ್ಲಿ ಮುಖಕ್ಕೆ ಬಟ್ಟೆ ಮುಚ್ಚಿದ್ದರು. ಅವಳು ಅಳಲಿಲ್ಲ. ಅದನ್ನು ಕಂಡು ನನಗೇ ಭಯವಾಗಿತ್ತು.

ಈ ವರ್ಷ ಹುಟ್ಟಿದ್ದು ಒಂದೇ ಮರಿ. ಹಸಿರು ಬರುವ ಮುಂಚಿನ ಬೂದಿ ಬಣ್ಣ, ಬೂಟಿನ ದಾರದಷ್ಟು ದಪ್ಪ. ಮೂವತ್ತೆಂಟು ದಿನವಾದರೂ ಏನೂ ತಿಂದಿರಲಿಲ್ಲ. ಬೆನ್ನಮೂಳೆ ಎದ್ದು ಕಾಣುತ್ತಿತ್ತು. ಆ ಸಂಜೆ ಕೇಂದ್ರದ ಡಾಕ್ಟರ್ ಲುಯೆನ್ ಹೇಳಿದಳು, "ನಾಳೆ ಮಧ್ಯಾಹ್ನದವರೆಗೆ ನೋಡೋಣ ಥೊವಕ್ಕ. ಆಮೇಲೆ ನಿಮ್ಮ ಭಾವನ್ನೇ ಕರೆಸ್ತೀನಿ. ಸುಮ್ನೆ ಸಾಯೋಕೆ ಬಿಡೋದು ಬೇಡ." ಭಾವ ಅಂದರೆ ಅವಳ ಗಂಡನ ಅಣ್ಣ ಖೊವಾತ್. ಮೇವು ತುರುಕುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಅವನ ಕೈ ಬಿದ್ದರೆ ಈ ಮರಿಯೂ ಹೋಗುತ್ತದೆಂದು ಥೊವಕ್ಕನಿಗೆ ಗೊತ್ತಿತ್ತು. ಬೇರೆ ದಾರಿ ಮಾತ್ರ ಗೊತ್ತಿರಲಿಲ್ಲ.

ಮರುದಿನ ಏಳನೇ ತಿಂಗಳ ಹುಣ್ಣಿಮೆ. ಸತ್ತ ತಾಯಿಯ ಹೆಸರಿನಲ್ಲಿ ಸೆರೆಯಾದ ಜೀವಗಳನ್ನು ಬಿಡಿಸುವ ದಿನ. ಊರೆಲ್ಲ ಮಾಂಸ ಬಿಟ್ಟು, ಮೀನೋ ಬಸವನಹುಳುವೋ ಕೊಂಡು ಕೆರೆಗೆ ಬಿಡುತ್ತದೆ. ಥೊವಕ್ಕ ಸಂತೆಯಿಂದ ಒಂದು ಬೋಗುಣಿ ಕಿರುಮೀನು ತಂದಿದ್ದಳು. ಎಲ್ಲವೂ ಕಿರುಬೆರಳ ಉಗುರಿನಷ್ಟು.

"ಇಷ್ಟು ಚಿಕ್ಕವಾ? ನಿಮ್ಮಮ್ಮಂಗೆ ಪುಣ್ಯ ತಲುಪೋದ್ರೊಳಗೆ ಮುಂದಿನ ಹುಣ್ಣಿಮೆ ಬರುತ್ತೆ" ಅಂದೆ.

"ಸುಮ್ನಿರೇ ಸೆನ್. ತಡವಾಗಿ ಹೋದ್ರೆ ಇವೇ ಸಿಗೋದು. ನಾನು ಯಾವತ್ತು ಹೊತ್ತಿಗೆ ಸರಿಯಾಗಿ ಹೋಗಿದೀನಿ?" ಅಂದಳು. ನಾನು ನಾಲಿಗೆ ಕಚ್ಚಿಕೊಂಡೆ.

ಕೆರೆಗೆ ಹೋಗುವ ಮುಂಚೆ ಮರಿಗೆ ನೀರು ಚಿಮುಕಿಸಲು ಬೋಗುಣಿಯನ್ನು ಬಲೆಪೆಟ್ಟಿಗೆಯ ಪಕ್ಕ ಇಟ್ಟಳು. ಮೀನುಗಳು ಮಿಣಮಿಣ ಓಡಾಡಿದವು. ಅಷ್ಟು ದಿನ ತಲೆ ಮುಚ್ಚಿಕೊಂಡಿದ್ದ ಮರಿ ಮೆಲ್ಲಗೆ ಕತ್ತು ತಿರುಗಿಸಿತು. ನಾಲಿಗೆ ಚಾಚಿತು. ಮೀನು ಎಡಕ್ಕೆ ಸರಿದರೆ ಅದರ ತಲೆಯೂ ಎಡಕ್ಕೆ ಸರಿಯುತ್ತಿತ್ತು.

ಥೊವಕ್ಕನ ಮುಖ ಬಿಳಿಚಿಕೊಂಡಿತು. "ಸೆನ್, ಇದು ಮೀನು ಕೇಳ್ತಿದೆ ಕಣೇ."

"ಕೊಡು ಮತ್ತೆ!"

"ಇವು ಅಮ್ಮನವು. ಬಿಡಿಸ್ತೀನಿ ಅಂತ ಬೆಳಿಗ್ಗೆ ಊದುಬತ್ತಿ ಹಚ್ಚಿ ಹೇಳ್ಬಂದಿದೀನಿ. ಇವತ್ತು ಕೊಲ್ಲೋದಾ?"

ಬೇರೆ ಮೀನು ತರೋಣವೆಂದರೆ ಮಧ್ಯಾಹ್ನವಾಗಿ ಸಂತೆ ಎದ್ದು ಹೋಗಿತ್ತು. ಅಷ್ಟರಲ್ಲಿ ಗೇಟಿನ ಹತ್ತಿರ ಖೊವಾತನ ಸ್ಕೂಟರಿನ ಸದ್ದಾಯಿತು. ಥೊವಕ್ಕ ಒಂದು ಗಳಿಗೆ ಕಣ್ಣು ಮುಚ್ಚಿದಳು. ಆಮೇಲೆ ಒಂದು ಮೀನನ್ನು ತಟ್ಟೆಯ ನೀರಿಗೆ ಹಾಕಿ ಮರಿಯ ಕೊಂಬೆಯ ಕೆಳಗೆ ಸರಿಸಿದಳು.

ಖೊವಾತ್ ಕಡ್ಡಿ, ಮಾಂಸದ ಡಬ್ಬಿ ಹಿಡಿದು ಒಳಗೆ ಬಂದ. "ಎಲ್ಲಿ ನಿನ್ನ ರಾಜಕುಮಾರಿ? ಎರಡು ನಿಮಿಷದ ಕೆಲಸ."

"ಅಲ್ಲೇ ನಿಲ್ಲಿ ಭಾವ. ಕಾಲೆತ್ತಬೇಡಿ." ಅವಳ ದನಿ ಕೇಳಿ ಅವನು ಹೊಸ್ತಿಲಲ್ಲೇ ನಿಂತ.

ಮರಿ ಬಾಲದಿಂದ ಜೋತುಬಿದ್ದು ಕೆಳಗಿಳಿಯಿತು. ಬೆರಳಗಲ ಉಳಿದಾಗ ನಿಂತಿತು. ಎಷ್ಟೋ ಹೊತ್ತು ಹಾಗೇ ಇತ್ತು. ಅಡುಗೆಮನೆಯಿಂದ ನನ್ನ ಅನ್ನ ಸೀದ ವಾಸನೆ ಬರತೊಡಗಿತು. ಸೀಯಲಿ ಅಂದುಕೊಂಡೆ, ನಾನೂ ಉಸಿರು ಹಿಡಿದು ನಿಂತಿದ್ದೆ. ನೀರು ಚಿಳಕ್ ಅಂದಿತು. ನೋಡಿದರೆ ಮರಿಯ ಬಾಯಿಂದ ಮೀನಿನ ಬಾಲ ಹೊರಗೆ ಅಲ್ಲಾಡುತ್ತಿತ್ತು.

ನುಂಗಿದರೆ ಸಾಲದು, ಕಕ್ಕಬಾರದು. ಅದು ಮತ್ತೆ ಕೊಂಬೆ ಹತ್ತಿ, ಸುರುಳಿ ಸುತ್ತಿ, ಗಂಟಲಿನ ಉಬ್ಬು ಹೊಟ್ಟೆಗೆ ಇಳಿಯುವವರೆಗೆ ಮೂವರೂ ಕಂಬಗಳಂತೆ ನಿಂತೆವು. ಖೊವಾತನ ಹಣೆಯಿಂದ ಬೆವರು ಇಳಿಯುತ್ತಿದ್ದರೂ ಅವನು ಒರೆಸಿಕೊಳ್ಳಲಿಲ್ಲ. ಆಮೇಲೆ ಥೊವಕ್ಕ ಪರದೆ ಎಳೆದು ನಮ್ಮನ್ನು ಅಂಗಳಕ್ಕೆ ಕರೆತಂದಳು.

ಸೋತವನ ಬಾಯಿ ಸುಮ್ಮನಿರುತ್ತದೆಯೇ? "ಹುಣ್ಣಿಮೆ ದಿನ, ತಾಯಿಗೆ ಅಂತ ಇಟ್ಟಿದ್ದನ್ನ ಹಾವಿಗೆ ಹಾಕಿದ್ಯಲ್ಲ, ಆಯಮ್ಮ ಏನಂದ್ಕೊಳ್ತಾಳೆ?" ಅಂದ ಖೊವಾತ್.

"ಏನೂ ಅಂದ್ಕೊಳಲ್ಲ ಭಾವ. ಬರಗಾಲದ ವರ್ಷ ಮನೆಗೆ ಒಂದೇ ಮೀನು ಬಂದ್ರೆ ನನ್ನ ಬಟ್ಟಲಿಗೆ ಹಾಕಿ, ತಾನು ಗಂಜಿಗೆ ಉಪ್ಪು ಕಲಸ್ಕೊಳ್ತಿದ್ಲು. ನಾನು ನುಂಗೋವರೆಗೂ ಎದುರಿಗೇ ಕೂತಿರ್ತಿದ್ಲು."

ಖೊವಾತ್ ಡಬ್ಬಿ ಮುಚ್ಚಿ ಸ್ಕೂಟರಿಗೆ ಸಿಕ್ಕಿಸಿ, ಗೇಟಿನವರೆಗೂ ಅದನ್ನು ತಳ್ಳಿಕೊಂಡೇ ಹೋದ. ಒಳಗೆ ಸದ್ದಾಗಬಾರದೆಂದು.

ಥೊವಕ್ಕ ಬೋಗುಣಿ ಹಿಡಿದು ಕೆರೆಗೆ ಹೋದಳು. ನಾನೂ ಹಿಂದೆ ಹೋದೆ. ಅವಳು ನೀರಿಗೆ ಬಾಗಿ ಮೀನುಗಳನ್ನು ಬಿಟ್ಟಳು. "ಅಮ್ಮಾ, ಒಂದು ಕಡಿಮೆ ಇದೆ. ಮರಿ ತಿಂತು. ನಾನು ಎದುರಿಗೇ ಇದ್ದೆ" ಅಂದಳು. ಆಮೇಲೆ ಖಾಲಿ ಬೋಗುಣಿಯನ್ನು ಮಡಿಲಲ್ಲಿಟ್ಟುಕೊಂಡು, ಒಂದು ವರ್ಷ ತಡವಾಗಿ, ಅತ್ತಳು.