ಮದರಂಗಿ ಕೈಯ ಕೊನೆಯ ಕಾಳಗ

ನಮ್ಮ ಅತ್ತೆಗೆ ಮದುವೆಯಾಗುವ ಮೊದಲು ಒಬ್ಬ ರಾಕ್ಷಸನನ್ನು ಕೊಂದು ಮುಗಿಸಬೇಕಿತ್ತು. ಸೀರೆ ತಂದಾಗಿತ್ತು, ಹಸಿರು ಬಳೆ ತೊಟ್ಟಾಗಿತ್ತು, ಅಂಗಳದಲ್ಲಿ ಚಪ್ಪರ ಎದ್ದಾಗಿತ್ತು. ಅದೊಂದೇ ಬಾಕಿ. ಮದುವೆ ನಾಳೆ ಎಂದ ಮೇಲೆ ಇವತ್ತೇ ಕೊಲ್ಲಬೇಕು. ಈ ಗುಟ್ಟು ಗೊತ್ತಿದ್ದದ್ದು ಅತ್ತೆಗೆ, ಮತ್ತೆ ಏಳನೇ ತರಗತಿ ಮುಗಿಸಿ ರಜೆಯಲ್ಲಿದ್ದ ನನಗೆ. ಉಳಿದವರೆಲ್ಲ ಹೂವು, ತೆಂಗಿನಕಾಯಿ, ಅಡುಗೆಯವರು ಎಂದು ತಲೆ ಕೆಡಿಸಿಕೊಂಡಿದ್ದರು, ಪಾಪ.

ಅತ್ತೆ ಎಂದರೆ ಅಪ್ಪನ ತಂಗಿ. ಅಂಕೋಲೆ ಪೇಟೆಯ ಒಂದು ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಊರವರ ಮದುವೆ ಕಾಗದಗಳನ್ನು ಟೈಪು ಮಾಡುವುದು ಅವಳ ಕೆಲಸ. ತನ್ನ ಮದುವೆಯ ಕಾಗದವನ್ನೂ ತಾನೇ ಮಾಡಿ, ಮೇಲಿನ ಗಣಪತಿ ಒಂದು ಕೂದಲೆಳೆ ಓರೆಯಾದನೆಂದು ತನ್ನ ಮೇಲೇ ಸಿಡುಕಿದ್ದಳು. ನಮ್ಮ ಮನೆ ಇದ್ದದ್ದು ಬೇಲೆಕೇರಿಗೆ ಹೋಗುವ ದಾರಿಯಲ್ಲಿ. ಆಗ ಬಂದರಿಗೆ ಅದಿರು ಹೊತ್ತ ಲಾರಿಗಳು ಒಂದರ ಹಿಂದೊಂದು ಓಡುತ್ತಿದ್ದವು. ಕೆಂಪು ಧೂಳು ಬಾಗಿಲು ಹಾಕಿದರೂ ಒಳಗೆ ಬರುತ್ತಿತ್ತು. ನನ್ನ ಓದಿಗೆಂದು ತಂದ ಮನೆಯ ಕಂಪ್ಯೂಟರನ್ನು ಅತ್ತೆ ಅಜ್ಜಿಯ ಹಳೇ ಸೀರೆಯ ತುಂಡಿನಿಂದ ಮುಚ್ಚಿಡುತ್ತಿದ್ದಳು. ಕೈ ತೊಳೆಯದೆ ಮುಟ್ಟಿದವರಿಗೆ ಬೈಗುಳ ತಪ್ಪುತ್ತಿರಲಿಲ್ಲ. ನನ್ನ ಓದು ಅದರಲ್ಲಿ ಎಷ್ಟು ನಡೆಯಿತೆಂದು ಕೇಳಬೇಡಿ.

ಅದರಲ್ಲಿ ನಡೆದದ್ದು ಆಟ. ನಾಲ್ಕು ಜನ ವೀರರನ್ನು ಕಟ್ಟಿಕೊಂಡು ಊರೂರು ಅಲೆಯುತ್ತ, ಸಣ್ಣಪುಟ್ಟ ಭೂತಗಳನ್ನು ಬಡಿದು ಬಲಿಯುತ್ತ, ಕಡೆಗೊಮ್ಮೆ ಎಲ್ಲರಿಗಿಂತ ದೊಡ್ಡವನ ಎದುರು ಹೋಗಿ ನಿಲ್ಲುವ ಆಟ. ಕಾರವಾರದ ಸೈಬರ್ ಅಂಗಡಿಯೊಂದರಿಂದ ಅತ್ತೆ ಅದರ ಸಿ.ಡಿ. ತಂದಿದ್ದಳು. ವೀರರಿಗೆ ನಾವೇ ಹೆಸರಿಡಬೇಕಿತ್ತು. ಅವತ್ತು ಮೀನು ತಿಂದು ಕೂತಿದ್ದೆವೋ ಏನೋ, ಕತ್ತಿ ಹಿಡಿದವನಿಗೆ ಇಸವಣ, ಬಿಲ್ಲುಗಾರನಿಗೆ ಬಂಗಡೆ, ಮಂತ್ರ ಹಾಕುವವಳಿಗೆ ಶೆಟ್ಲಿ, ಗಾಯ ವಾಸಿ ಮಾಡುವ ಪುಟ್ಟ ಹುಡುಗಿಗೆ ತಾರ್ಲೆ ಎಂದು ಇಟ್ಟೆವು. ಲೋಕವನ್ನು ಕಾಪಾಡಲು ಹೊರಟವರು ಒಂದು ಬುಟ್ಟಿ ಮೀನು. ಮೊದಲ ಭಾಗದ ರಾಕ್ಷಸನನ್ನು ಅತ್ತೆ ಹಿಂದಿನ ವರ್ಷವೇ ಕೊಂದಿದ್ದಳು. ಎರಡನೇ ಭಾಗ ಸಿಕ್ಕ ದಿನ ಅಂಕೋಲೆಯಿಂದ ಬಸ್ಸಿನಲ್ಲಿ ಬರುವಾಗ ಆ ಡಬ್ಬಿಯನ್ನು ಕೈಚೀಲಕ್ಕೂ ಹಾಕದೆ ಮಡಿಲಲ್ಲೇ ಇಟ್ಟುಕೊಂಡು ಬಂದಳು.

ನನಗೆ ಆಟಕ್ಕಿಂತ ಅದರ ಸಂಗೀತದ ಹುಚ್ಚು. ಸಾದಾ ಭೂತಗಳಿಗೆ ಒಂದು ಸಾದಾ ಪದ, ಸಂತೆಯಲ್ಲಿ ನಡೆದ ಹಾಗೆ. ದೊಡ್ಡವನು ಬಂದನೆಂದರೆ ಬೇರೆಯೇ. ಮೊದಲು ಎಲ್ಲ ನಿಶ್ಶಬ್ದ. ಆಮೇಲೆ ನೆಲದಡಿಯಿಂದ ಬಂದಂತೆ ಗಂಡಸರ ಗುಂಪೊಂದು ಒಂದೇ ಸ್ವರ ಹಿಡಿಯುತ್ತದೆ, ಅದರ ಮೇಲೆ ಡೋಲು ಬೀಳುತ್ತದೆ, ಪಿಟೀಲುಗಳು ಅಟ್ಟಿಸಿಕೊಂಡು ಬರುತ್ತವೆ. ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಎದ್ದು ಕುಣಿಯುತ್ತಿದ್ದೆ. ಅತ್ತೆ ಮಾತ್ರ ಕಣ್ಣು ಕಿರಿದು ಮಾಡಿ ಕೇಳುತ್ತಿದ್ದಳು. ಡೋಲು ನಿಂತು ಬರೀ ಗಂಟೆ ಬಡಿದರೆ ಮುಂದಿನ ಸರದಿಯಲ್ಲಿ ಅವನು ಬೆಂಕಿಮಳೆ ಸುರಿಸುತ್ತಾನೆ ಎಂದು ಅವಳೇ ಕಂಡುಹಿಡಿದಿದ್ದಳು. ಗಂಟೆ ಕೇಳಿದ ಕೂಡಲೇ ನಾಲ್ವರೂ ಗುರಾಣಿ ಹಿಡಿಯಬೇಕು. ಕೇಳದಿದ್ದರೆ ನಾಲ್ವರೂ ಕರಟಿ ಹೋಗುತ್ತಾರೆ.

ಎರಡನೇ ಭಾಗದ ಕೊನೆಯವನು ಅಷ್ಟು ಸುಲಭಕ್ಕೆ ಸಾಯುವವನಲ್ಲ. ಅವನ ಕೋಟೆಯೊಳಗೆ ಹೊಕ್ಕರೆ ಆಟವನ್ನು ಉಳಿಸಿಡಲು ನಡುವೆ ಎಲ್ಲೂ ಜಾಗವಿಲ್ಲ, ಒಂದೇ ಉಸಿರಿಗೆ ಕೊನೆ ಮುಟ್ಟಬೇಕು. ನಮ್ಮೂರಿನ ಕರೆಂಟಿಗೆ ಅಷ್ಟು ದೊಡ್ಡ ಉಸಿರಿರಲಿಲ್ಲ. ಅವನು ಇನ್ನೇನು ಬೀಳಬೇಕು ಎನ್ನುವಾಗ ದೀಪ ಹೋಗುತ್ತಿತ್ತು. ಪರದೆ ಕಪ್ಪಾಗಿ ಅತ್ತೆಯ ಮುಖ ಅದರಲ್ಲಿ ಕಾಣುತ್ತಿತ್ತು. ಅಷ್ಟರಲ್ಲಿ ಕಾರವಾರದ ಹತ್ತಿರದ ಹಣಕೋಣದ ಸಂಬಂಧ ಕೂಡಿ ಬಂತು, ದಿನವೂ ಗೊತ್ತಾಯಿತು. ಹುಡುಗ ಬಿಣಗಾದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ, ಒಳ್ಳೆಯವನು, ನಗುಮುಖದವನು. ಅವನ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಮದುವೆಯಾದ ಮೇಲೆ ಇಲ್ಲಿಗೆ ಬಂದು ಆಡಬಹುದಲ್ಲ ಎಂದು ನಾನು ಕೇಳಿದ್ದೆ.

“ಮದ್ವೆ ಆದ್ಮೇಲೆ ನಾ ಇಲ್ಲಿ ನೆಂಟರ ಲೆಕ್ಕ,” ಎಂದಳು ಅತ್ತೆ. “ನೆಂಟ್ರಿಗೆ ಚಾ ಕೊಡ್ತಾರೆ. ರಾಕ್ಷಸನ್ನ ಹೊಡೂಕೆ ಬಿಡೂದಿಲ್ಲ. ಈ ಮನೆ ಮಗಳಾಗೇ ಇದನ್ನ ಮುಗ್ಸಿ ಹೋಗ್ತೆ ನಾನು.”

ಮದುವೆಯ ಹಿಂದಿನ ದಿನ ಮಧ್ಯಾಹ್ನ ನಮ್ಮ ಅಂಗಳಕ್ಕೆ ಜನರೇಟರ್ ಬಂತು. ಚಪ್ಪರದ ದೀಪಕ್ಕೆ, ಮೈಕಿಗೆ ಎಂದು ಅಪ್ಪ ಬಾಡಿಗೆಗೆ ತರಿಸಿದ್ದ. ಅದನ್ನು ಕಂಡದ್ದೇ ಅತ್ತೆ ನನ್ನ ಕೈ ಹಿಡಿದಳು. ನಮ್ಮ ಮನೆಯ ಚರಿತ್ರೆಯಲ್ಲಿ ಮೊದಲ ಸಲ ಕರೆಂಟು ಹೋಗದ ಒಂದು ದಿನ ಬಂದಿತ್ತು. ಜನರೇಟರಿನವನಿಗೆ ಅವಳು ಎಷ್ಟು ಗಂಭೀರವಾಗಿ ಹೇಳಿದಳೆಂದರೆ, ಮದುಮಗಳ ಕೋಣೆಗೊಂದು ವೈರು ಎಳೆಯುವುದೂ ಶಾಸ್ತ್ರವೇ ಇರಬೇಕು ಎಂದುಕೊಂಡು ಅವನು ಕಿಟಕಿಯಿಂದ ಎಳೆದುಕೊಟ್ಟ.

ಆದರೆ ಅದೇ ಹೊತ್ತಿಗೆ ಮದರಂಗಿ ಹಾಕುವ ಹುಡುಗಿಯೂ ಬಂದಳು. ಅವಳಿಗೆ ಸಂಜೆ ಅವರ್ಸೆಯಲ್ಲಿ ಇನ್ನೊಂದು ಮದುವೆಮನೆ ಇತ್ತು, ಕಾಯುವ ಹಾಗಿರಲಿಲ್ಲ. ಅತ್ತೆ ಕಂಪ್ಯೂಟರಿನ ಮುಂದೆಯೇ ಕುರ್ಚಿ ಹಾಕಿಕೊಂಡು ಎರಡೂ ಕೈ ಅವಳಿಗೆ ಒಪ್ಪಿಸಿದಳು. ನನ್ನನ್ನು ಪಕ್ಕಕ್ಕೆ ಕೂರಿಸಿದಳು.

“ಇವತ್ತು ನನ್ನ ಕೈ ನೀನು. ನಾ ಹೇಳ್ದ ಹಂಗೆ ಒತ್ತು. ನಿನ್ನ ತಲೆ ಓಡ್ಸಬೇಡ.”

ಓಡಿಸಲು ನನ್ನ ತಲೆ ಇದ್ದರೆ ತಾನೆ. ನಾನು ಆಗಲೇ ತೇಲುತ್ತಿದ್ದೆ. ಕೋಟೆ ಹೊಕ್ಕೆವು, ಮೆಟ್ಟಿಲು ಹತ್ತಿದೆವು, ಕಾವಲು ಭೂತಗಳನ್ನು ಕೆಡವಿದೆವು. ಅತ್ತೆಯ ಅಂಗೈಯಲ್ಲಿ ಬಳ್ಳಿ ಹಬ್ಬುತ್ತ ಬೆರಳ ತುದಿ ಮುಟ್ಟಿತು. ಮದರಂಗಿಯ ಹುಡುಗಿ ಕೈ ಅಲುಗಿಸಬೇಡಿ ಎನ್ನುತ್ತಲೇ ತಾನು ಪರದೆ ನೋಡುತ್ತಿದ್ದಳು. ಕೊನೆಯ ಬಾಗಿಲು ತೆರೆಯಿತು, ರಾಕ್ಷಸ ಎದ್ದು ನಿಂತ. ಆಗ ನೋಡಿದರೆ, ಸಂಗೀತ ಕೇಳುತ್ತಿಲ್ಲ. ಕಿಟಕಿಯ ಹೊರಗೇ ಜನರೇಟರ್ ಗಡಗಡ ಎನ್ನುತ್ತಿದೆ, ನಮ್ಮ ಎರಡು ಸ್ಪೀಕರುಗಳಲ್ಲಿ ಒಂದು ಮೊದಲೇ ಮೂಕ. ಗಂಟೆ ಕೇಳದೆ ಅವನ ಜತೆ ಕಾದಾಡುವುದೆಂದರೆ ಸುಮ್ಮನೆ ಹೋಗಿ ಸಾಯುವುದು.

“ಮೈಕಿನವ್ನ ಕರಿಯೆ,” ಎಂದಳು ಅತ್ತೆ.

ಮೈಕಿನವನು ತೆಂಗಿನ ಮರಕ್ಕೆ ಹಾರ್ನ್ ಕಟ್ಟಿ ಇಳಿದು, ಯಾವ ಕ್ಯಾಸೆಟ್ ಹಾಕಲಿ ಎಂದು ಹುಡುಕುತ್ತಿದ್ದ. ನಾನು ಓಡಿಹೋಗಿ ಮದುಮಗಳಿಗೆ ಬೇಕಾದ ಪದ ಒಳಗೆ ಕಂಪ್ಯೂಟರಿನಲ್ಲಿದೆ ಎಂದೆ. ಅದು ಸುಳ್ಳೇನಲ್ಲ. ಅವನು ಒಂದು ವೈರು ತಂದು ಹಿಂದಿನ ತೂತಿಗೆ ಚುಚ್ಚಿ, ಹೊರಗೆ ಹೋಗಿ ಗುಂಡಿ ತಿರುಗಿಸಿದ.

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ನನಗೆ ಒಬ್ಬಳೇ ಇದ್ದಾಗ ನಗು ಬರುತ್ತದೆ. ಬಸ್ಸಿನಲ್ಲಿ ನೆನಪಾಗಿ ನಕ್ಕು, ಪಕ್ಕದವರಿಂದ ವಿಚಿತ್ರ ನೋಟ ಪಡೆದದ್ದೂ ಇದೆ. ತೆಂಗಿನ ಮರದ ಮೇಲಿನಿಂದ ಆ ಗಂಡಸರ ಗುಂಪು ಊರಿಗೆಲ್ಲ ಕೇಳುವಂತೆ ಒಂದೇ ಸ್ವರ ಹಿಡಿಯಿತು. ಡೋಲು ಬಿದ್ದ ಹೊಡೆತಕ್ಕೆ ಕಾಗೆಗಳೆಲ್ಲ ಎದ್ದವು. ತೆಂಗಿನಕಾಯಿ ಸುಲಿಯುತ್ತಿದ್ದವರು ಕೈ ನಿಲ್ಲಿಸಿದರು. ವಾಲಗದವರು ಇಷ್ಟು ಬೇಗ ಬಂದರೇ ಎಂದು ಆಚೆಮನೆಯವರು ಕೂದಲು ಕಟ್ಟಿಕೊಳ್ಳುತ್ತ ಓಡಿಬಂದರು. ರಸ್ತೆಯಲ್ಲಿ ಅದಿರಿನ ಲಾರಿಯೊಂದು ನಿಂತು, ಅದರ ಚಾಲಕ ಡೋಲಿನ ಪೆಟ್ಟಿಗೆ ಸರಿಯಾಗಿ ಹಾರ್ನ್ ಒತ್ತಿದ. ನಾನು ಕುರ್ಚಿಯ ಮೇಲೇ ಹಾರುತ್ತಿದ್ದೆ.

“ಹಾರ್ಬೇಡ, ಒತ್ತು,” ಎಂದಳು ಅತ್ತೆ. “ಇಸವಣ, ಕತ್ತಿ. ಶೆಟ್ಲಿ, ಸಿಡ್ಲು. ತಾರ್ಲೆ ಎಲ್ಲರಿಗೂ ಔಷಧಿ ಕೊಡ್ಲಿ.”

ಎಣ್ಣೆ ಶಾಸ್ತ್ರಕ್ಕೆ ಹಾಡು ಹೇಳಲು ಬಂದಿದ್ದ ಹೆಂಗಸರು ಕೋಣೆಯೊಳಗೆ ತುಂಬಿಕೊಂಡರು. ಮುಂದೆ ಅಜ್ಜಿ ನಿಂತಳು. ಪರದೆಯನ್ನು ಚೆನ್ನಾಗಿ ನೋಡಿ ರಾಕ್ಷಸನ ಪಕ್ಷ ಹಿಡಿದಳು.

“ಎಂತದೆ ಇದು, ನಾಕ್ ಜನ ಸೇರಿ ಒಬ್ಬಂಗೆ ಹೊಡೂದಾ? ಅಂವ ಪಾಪ ಸುಮ್ನೆ ನಿಂತಿದ್ದ.”

“ಅಂವ ಸುಮ್ನೆ ನಿಂತದ್ದಲ್ಲ ಅಬ್ಬೆ, ನಮ್ಮ ಸರದಿ ಮುಗೀಲಿ ಅಂತ ಕಾಯ್ತಾ ಇದ್ದ,” ಎಂದಳು ಅತ್ತೆ.

“ಕಾಯ್ತನಾ? ನಿಮಗಿಂತ ಅಂವ್ನೇ ಒಳ್ಳೆಯಂವ ಹಂಗಾರೆ.”

ಅಷ್ಟರಲ್ಲಿ ಡೋಲು ನಿಂತಿತು. ಗಂಟೆ, ಊರ ಮೇಲೆಲ್ಲ ಗಂಟೆ. ಗುರಾಣಿ, ಎಂದು ಅತ್ತೆ ಹೇಳುವ ಮೊದಲೇ ಒತ್ತಿಬಿಟ್ಟೆ. ಬೆಂಕಿಮಳೆ ಸುರಿದು ನಿಂತಾಗ ನಾಲ್ವರೂ ಉಳಿದಿದ್ದರು, ತಾರ್ಲೆಯ ಜೀವ ಮಾತ್ರ ಕುತ್ತಿಗೆಗೆ ಬಂದಿತ್ತು. ಹೆಂಗಸರು ಹೋ ಎಂದರು. ಅಪ್ಪ ಬಾಗಿಲಿಗೆ ಬಂದು, ಬೀಗರ ಕಡೆಯವರು ಯಾರಾದರೂ ಈ ದಾರಿಯಲ್ಲಿ ಹೋದರೆ ಏನೆಂದುಕೊಂಡಾರು ಎಂದು ಶುರು ಮಾಡಿದ. ಮಾತು ಅರ್ಧದಲ್ಲೇ ಬಿಟ್ಟು, “ಅದಕ್ಕೆ ಇನ್ನೆಷ್ಟು ಜೀವ ಅದೆ?” ಎಂದು ಕೇಳಿದ. ಆಮೇಲೆ ಅವನೂ ಅಲ್ಲಿಂದ ಕದಲಲಿಲ್ಲ.

ಇಸವಣನ ಒಂದು ಏಟಿಗೆ ರಾಕ್ಷಸ ಕೆಡೆದ. ಮನೆ ಹಾರಿಹೋಗುವ ಹಾಗೆ ಕೂಗಿದೆವು. ಅಜ್ಜಿ ಲೊಚಗುಟ್ಟಿದಳು. ಆದರೆ ಅತ್ತೆ ಕೂಗಲಿಲ್ಲ, ಸಂಗೀತ ನಿಂತ ಬಗೆ ಅವಳಿಗೆ ಸರಿಕಾಣಲಿಲ್ಲ. ಬಿದ್ದವನ ಬೆನ್ನು ಸೀಳಿ ರೆಕ್ಕೆ ಮೂಡಿದವು, ಅವನು ಇಡೀ ಪರದೆ ತುಂಬುವಷ್ಟು ಬೆಳೆದು ಮತ್ತೆ ಎದ್ದ. ನಾವು ಇಷ್ಟು ದೂರ ಯಾವತ್ತೂ ಬಂದವರಲ್ಲ. ಈಗ ಬಂದ ಪದ ಬೇರೆ. ಒಂದು ಕೊಳಲು, ಬಹಳ ನಿಧಾನಕ್ಕೆ. ನಾನು ಅತ್ತೆಯ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಅದು ಮೊದಲ ಭಾಗದ ಮೊಟ್ಟಮೊದಲ ಪದ, ಇಸವಣ ತನ್ನ ಹಳ್ಳಿ ಬಿಟ್ಟು ಹೊರಡುವಾಗಿನದು. ಅತ್ತೆ ಮೀನು ಹೆಚ್ಚುವಾಗಲೂ ಬಟ್ಟೆ ಒಣಹಾಕುವಾಗಲೂ ಗುನುಗುತ್ತಿದ್ದದ್ದು. ಅದನ್ನೇ ಎತ್ತಿಕೊಂಡು ಆ ಗಂಡಸರ ಗುಂಪು ಹಾಡಿತು, ಅದರ ಕೆಳಗೆ ಡೋಲು ಬಂತು, ಪಿಟೀಲುಗಳು ಬಂದವು. ಅತ್ತೆಯ ತೋಳಿನ ರೋಮ ನೆಟ್ಟಗಾದದ್ದನ್ನು ಮದರಂಗಿಯ ಹುಡುಗಿ ನನಗೆ ತೋರಿಸಿದಳು. ಅತ್ತೆ ನಗುತ್ತಿದ್ದಳು, ಕಣ್ಣಲ್ಲಿ ನೀರು ತುಂಬಿ ನಗುತ್ತಿದ್ದಳು. ಅಷ್ಟು ಸಂತೋಷ ನಾನು ಮತ್ತೆ ಯಾವ ಮದುವೆಮನೆಯಲ್ಲೂ ಕಂಡಿಲ್ಲ.

ಬಂಗಡೆ ಸತ್ತ. ತಾರ್ಲೆ ಅವನನ್ನು ಬದುಕಿಸಿದಳು. ತಾರ್ಲೆ ಸತ್ತಳು, ಆಗ ರಾಕ್ಷಸನ ಪಕ್ಷದ ಅಜ್ಜಿಯೂ ಅಯ್ಯೋ ಕೂಸೆ ಎಂದಳು. ಉಳಿದ ಒಂದೇ ಔಷಧಿಯನ್ನು ಯಾರಿಗೆ ಕೊಡಬೇಕೆಂದು ಹಾಡಿನ ಹೆಂಗಸರಲ್ಲೇ ಎರಡು ಪಂಗಡವಾಯಿತು. ಅತ್ತೆ ಯಾರ ಮಾತೂ ಕೇಳದೆ ಇಸವಣನಿಗೆ ಕೊಡಿಸಿದಳು. ರಾಕ್ಷಸನ ಜೀವದ ಗೆರೆ ಕೂದಲಷ್ಟು ಉಳಿಯಿತು. ಸರದಿ ನಮ್ಮದು. ಇಸವಣ ಕತ್ತಿ ಎತ್ತಿ ನಿಂತಿದ್ದ.

“ಒತ್ತು,” ಎಂದಳು ಅತ್ತೆ.

ನನ್ನ ಬೆರಳು ಗುಂಡಿಯ ಮೇಲಿತ್ತು. ಒತ್ತಲಾಗಲಿಲ್ಲ.

ನಾವು ಹೊಡೆಯುವವರೆಗೆ ಅವನು ಹೊಡೆಯುವುದಿಲ್ಲ. ನಾವು ಹೊಡೆಯದಿದ್ದರೆ ಪದ ಮುಗಿಯುವುದಿಲ್ಲ, ಮುಗಿದಲ್ಲಿಂದ ತಿರುಗಿ ಶುರುವಾಗುತ್ತದೆ. ಕೊಳಲು ಮತ್ತೆ ಬಂತು. ಇದನ್ನೊಂದು ಒತ್ತಿದರೆ ಅತ್ತೆಗೆ ಈ ಮನೆಯಲ್ಲಿ ಮಾಡಬೇಕಾದ್ದು ಏನೂ ಉಳಿಯುವುದಿಲ್ಲ ಎಂಬುದು ಆಗ ನನಗೆ ಹೊಳೆಯಿತು. ಇಡೀ ದಿನ ಕುಣಿದವಳಿಗೆ ಅದು ಹೊಳೆದದ್ದು ಆಗಲೇ. ಹಿಂದಿನವರು ಒತ್ತೇ, ಒತ್ತೇ ಎಂದು ಕೂಗುತ್ತಿದ್ದರು. ನನಗೆ ಪರದೆ ಮಂಜಾಗಿ ಕಾಣುತ್ತಿತ್ತು.

“ಹೊಡದ್ರೆ ಪದ ನಿಂತೋಗ್ತದೆ ಅತ್ತೆ,” ಎಂದೆ.

ಅತ್ತೆ ಆ ಪದ ಇನ್ನೊಂದು ಸುತ್ತು ಬರುವವರೆಗೆ ಕೇಳಿದಳು. ಆಮೇಲೆ ಮದರಂಗಿಯ ಹುಡುಗಿ ಬೇಡ ಬೇಡ ಎನ್ನುತ್ತಿದ್ದ ಹಾಗೆಯೇ ಬಲಗೈ ಚಾಚಿ, ಹಸಿ ಬೆರಳನ್ನು ನನ್ನ ಬೆರಳ ಮೇಲಿಟ್ಟು ಒತ್ತಿದಳು. ಇಸವಣ ಹಾರಿದ. ರಾಕ್ಷಸ ಬೆಳ್ಳಗೆ ಉರಿದು ಪುಡಿಯಾದ. ತೆಂಗಿನ ಮರದ ಮೇಲೆ ಹಾಡು ನಿಂತಿತು, ಊರೆಲ್ಲ ಒಮ್ಮೆಗೇ ಖಾಲಿಯಾಯಿತು.

ನಾನು ಅಳು ತಡೆಯಲಾಗದೆ ಅವಳತ್ತ ತಿರುಗಿದೆ. ತಬ್ಬಿಕೊಳ್ಳಲು ಅವಳಿಗೆ ಕೈಗಳಿರಲಿಲ್ಲ. ಎರಡೂ ಅಂಗೈಗಳನ್ನು ಮೇಲೆತ್ತಿಕೊಂಡೇ ಮೊಣಕೈಗಳ ನಡುವೆ ನನ್ನ ತಲೆಯನ್ನು ಎಳೆದುಕೊಂಡಳು. ಪರದೆಯ ಮೇಲೆ ಆಟ ಮಾಡಿದವರ ಹೆಸರುಗಳು ಒಂದೊಂದೇ ಮೇಲೇರತೊಡಗಿದವು. ಜನ ಚದುರಿದರು, ಅಪ್ಪ ಅಡುಗೆಯವರ ಕಡೆ ಹೋದ. ಹೊರಗೆ ಹೆಂಗಸರು ಎಣ್ಣೆ ಶಾಸ್ತ್ರದ ಹಾಡು ಎತ್ತಿದರು.

“ಹೊತ್ತಾಯ್ತು, ಬಾರೆ,” ಎಂದು ಅಂಗಳದಿಂದ ಅಜ್ಜಿ ಕರೆದಳು.

“ಬಂದೆ,” ಎಂದಳು ಅತ್ತೆ. ಏಳಲಿಲ್ಲ. ಕೊನೆಯ ಹೆಸರು ಹೋಗುವವರೆಗೂ ನಾವಿಬ್ಬರು ಅಲ್ಲೇ ಕೂತಿದ್ದೆವು.