ಹಿಂಡದೆ ಬಿಟ್ಟ ಸೀಗಡಿ

ನಾನು ಸೀಗಡಿ ಹಿಂಡಲಿಲ್ಲ. ಹಿಂಡಲಿಲ್ಲ ಎಂದು ಹೇಳಲೂ ಇಲ್ಲ. ಮೊದಲನೆಯದು ಹನ್ನೆರಡು ವರ್ಷದ ಹುಡುಗಿಯ ಸೋಮಾರಿತನ. ಎರಡನೆಯದಕ್ಕೆ ಅಂಥ ನೆವವೂ ಇಲ್ಲ; ನಲವತ್ತು ದಾಟುವವರೆಗೆ ಬಾಯಿ ಮುಚ್ಚಿಕೊಂಡೇ ಇದ್ದೆ.

ಆಗ ನಮ್ಮ ಮನೆ ಔರಾದದಲ್ಲಿತ್ತು. ಸಮುದ್ರವನ್ನು ನಾವ್ಯಾರೂ ಕಂಡವರಲ್ಲ. ಸಂತೆಯಲ್ಲಿ ಒಣ ಸೀಗಡಿ ಸಿಗುತ್ತಿತ್ತು, ಅದಕ್ಕೆ ಜಿಂಗಾ ಅನ್ನುತ್ತಿದ್ದೆವು. ತಲೆ, ಬಾಲ ಮುರಿದು, ಹುರಿದು, ಬಿಸಿನೀರಿನಲ್ಲಿ ನೆನೆಸಿ, ಮರಳು ಹೋಗುವಂತೆ ತೊಳೆಯಬೇಕು. ಆಮೇಲೆ ಹಿಡಿಹಿಡಿಯಾಗಿ ಬಟ್ಟೆಯಲ್ಲಿ ಹಿಂಡಿ, ಹುರಿದಿಟ್ಟ ಈರುಳ್ಳಿ, ಖಾರಕ್ಕೆ ಕಲಸಬೇಕು. ಅದನ್ನು ಲಟ್ಟಿಸಿದ ಹಿಟ್ಟಿನಲ್ಲಿಟ್ಟು ಮಡಚಿ, ಅಂಚು ಒತ್ತಿ, ಎಣ್ಣೆಯಲ್ಲಿ ಕರಿದರೆ ಜಿಂಗಾ ಕಡುಬು. ಹಿಂಡಿ ಕಲಸುವುದು ನನ್ನ ಕೆಲಸ, ಕರಿಯುವುದು ಅಕ್ಕನದು. ಒಳಗೆ ನೀರು ಉಳಿದರೆ ಕಡುಬು ಎಣ್ಣೆಯಲ್ಲಿ ಒಡೆಯುತ್ತದೆ ಎಂದು ಅವ್ವ ಪ್ರತಿ ಸಲ ಎಚ್ಚರಿಸುತ್ತಿದ್ದಳು.

ಆ ದಿನ ಓಣಿಯಲ್ಲಿ ಗೆಳತಿಯರು ಕುಂಟಬಿಲ್ಲೆ ಆಡುತ್ತಿದ್ದರು. ಎರಡು ಹಿಡಿ ಹಿಂಡಿದೆ. ಉಳಿದದ್ದನ್ನು ಬಸಿದು ಹಾಗೇ ಬೋಗುಣಿಗೆ ಸುರಿದು ಕಲಸಿ ಓಡಿದೆ. ಬೋಗುಣಿಯಲ್ಲಿ ಮೇಲಿದ್ದ ಹೂರಣದ ಕಡುಬುಗಳು ಸರಿಯಾಗಿಯೇ ಬೆಂದವು. ತಳದ ಹೂರಣ ತುಂಬಿದ್ದು ಒಡೆಯಿತು. ಅಕ್ಕನ ಬಲಗೈ ಮೇಲೆ, ಬೆರಳಿನಿಂದ ಮಣಿಕಟ್ಟಿನವರೆಗೆ ಎಣ್ಣೆ ಸಿಡಿಯಿತು.

ಅವಳ ಹತ್ತನೆಯ ತರಗತಿಯ ಪರೀಕ್ಷೆಗೆ ಇನ್ನು ನಾಲ್ಕು ದಿನ. ಒಲೆಯ ಪಕ್ಕದಲ್ಲಿ ಪುಸ್ತಕ ಬಿದ್ದಿತ್ತು. ಅವ್ವನ ಕಣ್ಣು ಅದರ ಮೇಲೆ ಹೋಯಿತು.

“ಎಣ್ಣಿ ಮುಂದ ಕುಂತು ಓದ್ತೀಯೇನ? ದೊಡ್ಡ ಮಾಸ್ತರಣಿ ಆಗಾಕಿ! ಧ್ಯಾನ ಎಲ್ಲಿತ್ತು ನಿಂದು?”

ಕಿರುಚಾಟ ಕೇಳಿ ಬಂದ ನಾನು ಬಾಗಿಲಲ್ಲೇ ನಿಂತೆ. ಬೋಗುಣಿಯ ತಳದಲ್ಲಿ ನೀರು ನಿಂತದ್ದು ಕಾಣುತ್ತಿತ್ತು. ಅವ್ವ ಅಕ್ಕನನ್ನು ದವಾಖಾನೆಗೆ ಕರೆದೊಯ್ದ ಮೇಲೆ ಅದನ್ನು ತೊಳೆದು ಬೋರಲು ಹಾಕಿದೆ.

ಅವಳು ಹೇಳಿದ್ದನ್ನು ಇನ್ನೊಬ್ಬರು ಬರೆದುಕೊಡಲು ಅವಕಾಶವಿದೆಯೆಂದು ನಮಗೆ ಯಾರೂ ಹೇಳಲಿಲ್ಲ; ಆ ವರ್ಷದ ಪರೀಕ್ಷೆ ತಪ್ಪಿತು. ಮುಂದಿನ ವರ್ಷ ಬರೆಯುತ್ತೇನೆ ಎಂದು ಅಕ್ಕ ಕೇಳಿಕೊಂಡಳು. “ಪುಸ್ತಕ ಹಿಡಿದು ಕೈ ಸುಟ್ಕೊಂಡಿದ್ದು ಸಾಲಾಂಗಿಲ್ಲೇನ?” ಎಂದಳು ಅವ್ವ. ಭಾಲ್ಕಿಯ ಕಡೆಯಿಂದ ಸಂಬಂಧ ಬಂತು, ಮದುವೆಯಾಯಿತು. ನಾನೂ ಏಳನೆಯದಕ್ಕೇ ಶಾಲೆ ಬಿಟ್ಟವಳು. ಆದರೆ ನನಗೆ ಓದು ಬೇಡವಾಗಿತ್ತು, ಅವಳಿಗೆ ಬೇಕಾಗಿತ್ತು.

ಈಗ ನಾನು ಬೀದರಿನಲ್ಲಿ ಒಂದು ಹಾಸ್ಟೆಲಿನ ಅಡುಗೆಯವಳು. ಮನೆ ಅಲ್ಲೇ ಹತ್ತಿರದ ಚಿದ್ರಿಯಲ್ಲಿ. ದಿನವಿಡೀ ಒಲೆಯ ಮುಂದೆ ನಿಂತು ಕಾಲು ಬಾತಿರುತ್ತವೆ; ರಜೆಯ ದಿನ ಒಲೆಯ ಮುಖ ನೋಡಲೂ ಮನಸ್ಸಾಗುವುದಿಲ್ಲ. ಹೋದ ಭಾನುವಾರ ಅಕ್ಕ ಮಗಳನ್ನು ಕರೆದುಕೊಂಡು ಭಾಲ್ಕಿಯಿಂದ ಬಂದಳು. ಮಗಳದೂ ಈ ವರ್ಷ ಹತ್ತನೆಯದು. ಬೀದರಿನಲ್ಲಿ ಅವಳಿಗೆ ಪುಸ್ತಕ ಕೊಳ್ಳುವುದಿತ್ತು. ಅಕ್ಕನ ಚೀಲದಲ್ಲಿ ಜಿಂಗಾ ಪೊಟ್ಟಣವೂ ಇತ್ತು.

“ರಜಾ ಅಂತ ಅಡ್ಡಾಗಬ್ಯಾಡ, ಏಳು. ಹುಡುಗಿಗಿ ಚಿಗವ್ವನ ಕೈಯಾಗಿನ ಕಡುಬು ಬೇಕಂತ.”

ಎದ್ದು ಜಿಂಗಾ ನೆನೆಸಿ, ಬಟ್ಟೆಯಿಂದ ಹನಿಯೂ ಬೀಳದಂತಾಗುವವರೆಗೆ ಹಿಂಡಿದೆ. ಕೈ ಸುಟ್ಟ ದಿನದಿಂದ ಅಕ್ಕ ಕಾದ ಎಣ್ಣೆಯ ಹತ್ತಿರ ಹೋಗಿಲ್ಲ. ಅದಕ್ಕೇ ಅವಳು ಲಟ್ಟಿಸಿಕೊಟ್ಟಳು, ನಾನು ತುಂಬಿ ಕರಿಯತೊಡಗಿದೆ.

“ಇವೇನ್ ಕಡುಬೋ, ಬಟ್ಟಿ ಗಂಟೋ? ಹಾಸ್ಟೆಲ್ ಹುಡುಗ್ರು ಪಾಪ, ಹ್ಯಾಂಗ ತಿಂತಾವ!” ಎಂದು ಅಕ್ಕ ಕೆಣಕಿದಳು.

“ಬಾಯಿ ಮುಚ್ಚಿ ತಿಂತಾವ. ನಿನ್ನಂಗ ತಪ್ಪು ಹುಡುಕಾಂಗಿಲ್ಲ.”

ನಗುತ್ತಿದ್ದ ಅಕ್ಕ ಒಮ್ಮೆಲೇ ಲಟ್ಟಣಿಗೆ ಕೆಳಗಿಟ್ಟಳು. ಮಗಳು ಹೊಸ ಪುಸ್ತಕ ಹಿಡಿದು ಒಲೆಯ ಪಕ್ಕ ಬಂದು ನಿಂತಿದ್ದಳು.

“ಅದನ್ನ ಆಚಿಗಿ ಇಡು! ಎಣ್ಣಿ ಮುಂದ ಓದಿ ನನ್ನ ಕೈ ನಾನೇ ಸುಟ್ಕೊಂಡೆ. ಸಾಲೀನೂ ನಾನೇ ಕಳ್ಕೊಂಡೆ.”

“ಓದ್ಲಾಕತ್ತಿಲ್ಲವ್ವಾ, ಸುಮ್ನ ಹಿಡ್ಕೊಂಡೇನಿ.”

“ನಾನೂ ಸುಮ್ನ ಹಿಡ್ಕೊಂಡಿದ್ದೆ.”

ಅವ್ವನ ಬೈಗುಳವನ್ನು ಅಕ್ಕ ನುಂಗಿಕೊಂಡಿದ್ದಾಳೆ ಅಷ್ಟೇ ಎಂದು ಇಷ್ಟು ವರ್ಷ ತಿಳಿದಿದ್ದೆ. ಅವಳು ಅದನ್ನು ನಂಬಿಬಿಟ್ಟಿದ್ದಾಳೆ ಎಂದು ಗೊತ್ತಿರಲಿಲ್ಲ. ಅವ್ವ ಈಗ ಇಲ್ಲ. ನಾನು ಹೇಳದಿದ್ದರೆ ಇನ್ನು ಯಾರೂ ಹೇಳುವವರಿಲ್ಲ. ಗ್ಯಾಸ್ ಆರಿಸಿದೆ.

“ಅಕ್ಕಾ, ಪುಸ್ತಕದಿಂದ ಆಗಿಲ್ಲ ಅದು. ಅವತ್ತ ನಾ ಜಿಂಗಾ ಹಿಂಡಿರಲಿಲ್ಲ. ಆಡ್ಲಾಕ ಓಡಿ ಹೋಗಿದ್ದೆ. ಆಮ್ಯಾಗ ಬೋಗುಣಿ ತೊಳ್ದು ಇಟ್ಟೆ, ಯಾರಿಗೂ ಗೊತ್ತಾಗಬಾರದಂತ.”

ಅವಳು ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

“ಅವ್ವಗ ಗೊತ್ತಿತ್ತೇನ?”

“ಇಲ್ಲ.”

“ಇಷ್ಟ ವರ್ಷ ಯಾಕ ಹೇಳಲಿಲ್ಲ?”

“ಮದಲ ಅಂಜಿಕಿ, ಆಮ್ಯಾಗ ನಾಚಿಕಿ. ನಿನ್ನ ಸಾಲಿ ಬಿಡಿಸಿದಾಕಿ ನಾನು ಅಕ್ಕಾ. ತಪ್ಪು ನಂದು, ನಿಂದೇನೂ ಇರಲಿಲ್ಲ. ಕೇಳಲಾಕ ಮಾರಿ ಇಲ್ಲ ನನಗ, ಆದರೂ ಕೇಳ್ತೇನಿ. ಮಾಫ್ ಮಾಡು.”