ಒದ್ದೆ ಹೆಜ್ಜೆ ನೋಡುತ್ತಿದ್ದ ದ್ಯಾವಮ್ಮ

ದ್ಯಾವಮ್ಮ ಯಾರನ್ನು ಕಂಡರೂ ಮೊದಲು ಪಾದ ನೋಡುತ್ತಿದ್ದಳು, ಮುಖ ಆಮೇಲೆ. ಮುಂದಕ್ಕೆ ಬಾಗಿದ ಸೊಂಟ, ಬೆನ್ನ ಮೇಲೆ ಕಟ್ಟಿಕೊಂಡ ಎರಡು ಕೈ, ನೆಲಕ್ಕೆ ನೆಟ್ಟ ಕಣ್ಣು. ಎದುರು ನಿಂತವರು ಎಸ್ಟೇಟಿನ ಸಾಹುಕಾರರೇ ಆಗಿದ್ದರೂ, ಅವರ ಕಾಲ ಹೆಬ್ಬೆರಳಿನಿಂದ ಹೊರಟ ಆಕೆಯ ದೃಷ್ಟಿ ಮುಖ ಮುಟ್ಟಲು ಸಾಕಷ್ಟು ಹೊತ್ತು ಹಿಡಿಯುತ್ತಿತ್ತು.

ಆಕೆ ತೀರಿಕೊಂಡ ಮೇಲೆ ಮಲ್ಲಂದೂರಿನ ಕಡೆ ಒಂದು ಕಥೆ ಹುಟ್ಟಿಕೊಂಡಿದೆ. ಆಕೆಯ ಕೈಯಲ್ಲಿ ಗುಣವಿತ್ತಂತೆ, ಮುಟ್ಟಿದರೆ ನೋವು ಇಳಿಯುತ್ತಿತ್ತಂತೆ, ಅಜ್ಜಿಯೊಬ್ಬಳು ತಾನು ಸಾಯುವ ಮುಂಚೆ ಆಕೆಯ ಕಿವಿಯಲ್ಲಿ ಏನೋ ಮಂತ್ರ ಹೇಳಿಹೋಗಿದ್ದಳಂತೆ. ನಾನು ಇದನ್ನು ಒಪ್ಪುವವನಲ್ಲ. ಆ ಎಸ್ಟೇಟಿನಲ್ಲಿ ಇಪ್ಪತ್ತಾರು ವರ್ಷ ರೈಟರಾಗಿ ಹಾಜರಿ, ತೂಕ, ಮಳೆಯ ಇಂಚುಗಳನ್ನು ಬರೆದವನು ನಾನು. ದ್ಯಾವಮ್ಮ ನನ್ನ ಹಿಮ್ಮಡಿಯನ್ನು ಒಂದು ಸಲವೂ ಮುಟ್ಟಲಿಲ್ಲ. ಮುಟ್ಟದೆಯೇ ನನ್ನನ್ನು ಮತ್ತೆ ನಡೆಸಿದಳು. ಅದು ಹೇಗಾಯಿತೆಂಬುದನ್ನು ಕಂಡವನೊಬ್ಬ ಬರೆದಿಡುವುದು ಒಳ್ಳೆಯದು.

ಆಕೆ ನಮ್ಮ ಕಾಫಿ ಒಣಗಿಸುವ ಕಣದ ಮೇಲ್ವಿಚಾರಣೆಯವಳು. ಪಲ್ಪರ್ ಮನೆಯಲ್ಲಿ ಸಿಪ್ಪೆ ಕಳಚಿ, ತೊಳೆದು ತಂದ ಪಾರ್ಚ್‌ಮೆಂಟನ್ನು, ಅಂದರೆ ಒಳಹೊಟ್ಟು ಇನ್ನೂ ಬಿಡದ ಬೀಜವನ್ನು, ಸಿಮೆಂಟು ಕಣದಲ್ಲಿ ಹರವಿ, ಹೆಂಗಸರು ಬರಿಗಾಲನ್ನು ಎಳೆಯುತ್ತ ಅದರೊಳಗೆ ಸಾಲು ಮಾಡುತ್ತ ನಡೆಯಬೇಕು. ಕೆಳಗಿನ ಬೀಜ ಮೇಲೆ ಬರುವುದು ಹಾಗೆ. ಹಿಮ್ಮಡಿ ಒಡೆದವರು ನಡೆದರೆ ಬಿರುಕಿಗೆ ಬೀಜ ಸಿಕ್ಕಿ ಪಾರ್ಚ್‌ಮೆಂಟಿನ ಹೊಟ್ಟು ಏಳುತ್ತದೆ, ಬಿರುಕೂ ಕೀವುಗಟ್ಟುತ್ತದೆ. ಆದ್ದರಿಂದ ಕಣದ ಅಂಚಿನ ನೀರಿನ ತೊಟ್ಟಿಯಲ್ಲಿ ಎಲ್ಲರೂ ಕಾಲು ತೊಳೆದು, ಆಕೆಯ ಎದುರಿಗೆ ಹಾದು, ಒಳಗೆ ಹೋಗಬೇಕಿತ್ತು. ಒಡೆದ ಕಾಲು ಕಂಡರೆ ಅಲ್ಲಿಯೇ ತಡೆ.

"ಕಾಲಲ್ಲ ಇದು, ಬೇಸಿಗೆ ಗದ್ದೆ. ಹೋಗೆ, ಹೋಗಿ ಹಣ್ಣು ಕೊಯ್ಯಿ. ರಾತ್ರಿ ಬಿಸಿನೀರಲ್ಲಿಟ್ಟು, ತಿಕ್ಕಿ, ಒರೆಸಿ, ಮುರುಗಲು ತುಪ್ಪ ಹಚ್ಚು. ಒರೆಸಿ ಅಂದೆ, ಕೇಳ್ತಾ? ಬೆರಳ ಸಂದೀಲೂ."

ಒಮ್ಮೆ ಸಾಹುಕಾರರು ಮಂಗಳೂರಿನ ವ್ಯಾಪಾರಿಯೊಬ್ಬರನ್ನು ಕರೆದುಕೊಂಡು ಬೂಟು ಹಾಕಿಯೇ ಕಣಕ್ಕೆ ಕಾಲಿಡಲು ಬಂದರು. ದ್ಯಾವಮ್ಮ ತೊಟ್ಟಿಯನ್ನು ತೋರಿಸಿ, "ನೀರು ತಣ್ಣಗೇನಿಲ್ಲ, ಸಾವ್ಕಾರ್ರೇ" ಎಂದಷ್ಟೇ ಹೇಳಿದಳು. ಇಬ್ಬರೂ ಪ್ಯಾಂಟು ಮಡಚಿಕೊಂಡು ಕಾಲು ತೊಳೆದರು.

ನನ್ನ ಬಲ ಹಿಮ್ಮಡಿಯ ನೋವು ಶುರುವಾದದ್ದು ತೊಂಬತ್ತರ ದಶಕದ ನಡುವಿನ ಒಂದು ಮಳೆಗಾಲದಲ್ಲಿ. ಬೆಳಿಗ್ಗೆ ಹಾಸಿಗೆಯಿಂದೆದ್ದು ಊರಿದ ಮೊದಲ ಹೆಜ್ಜೆಗೆ ಮೊಳೆ ಹೊಡೆದಂತಾಗುತ್ತಿತ್ತು. ಹತ್ತು ಹೆಜ್ಜೆ ನಡೆದರೆ ತುಸು ಸಡಿಲ, ಕುಳಿತು ಎದ್ದರೆ ಮತ್ತೆ ಮೊಳೆ. ವಾತವೆಂದರು ಕೆಲವರು, ಸಿಮೆಂಟು ನೆಲದ ತಂಪೆಂದರು ಕೆಲವರು; ನನ್ನ ಹೆಂಡತಿ ಮಾತ್ರ ಹಟ ಹೆಚ್ಚಾದರೆ ಹಿಮ್ಮಡಿಗೆ ಇಳಿಯುತ್ತದೆ ಎಂದಳು. ಚಿಕ್ಕಮಗಳೂರಿನ ಡಾಕ್ಟರು ಎಕ್ಸ್‌ರೇ ತೆಗೆಸಿ, ಹಿಮ್ಮಡಿಯ ಮೂಳೆಯಿಂದ ಮುಂದಕ್ಕೆ ಚಾಚಿದ ಒಂದು ಮುಳ್ಳನ್ನು ತೋರಿಸಿದರು. ಎಲ್ಲರೂ ನಂಬುವ ವಿವರಣೆ ಅದು. ನನಗೆ ಮಾತ್ರ ಸಮಾಧಾನವಾಗಲಿಲ್ಲ. ನೋವಿಲ್ಲದ ಎಡಗಾಲಿನ ಎಕ್ಸ್‌ರೇಯನ್ನೂ ತೆಗೆಯಿರಿ ಎಂದು ಹಟ ಹಿಡಿದೆ. ತೆಗೆದರೆ ಅಲ್ಲಿಯೂ ಅದೇ ಮುಳ್ಳು, ಒಂದು ಎಳೆ ಹೆಚ್ಚು ಉದ್ದವೇ! ಡಾಕ್ಟರು ನಕ್ಕು, "ಮುಳ್ಳಿದ್ದವರಿಗೆಲ್ಲ ನೋಯೋದಿಲ್ಲ ರೈಟ್ರೇ, ಅದು ನಿಜ. ಈಗ ಕಾಲಿಗೆ ವಿಶ್ರಾಂತಿ ಕೊಡಿ" ಎಂದರು. ಪ್ರಾಮಾಣಿಕ ಮನುಷ್ಯ. ಆದರೆ ರೈಟರಿಗೆ ವಿಶ್ರಾಂತಿ ಎಲ್ಲಿಂದ ಬರಬೇಕು? ದಿನಕ್ಕೆ ತೋಟದ ನಾಲ್ಕು ಬ್ಲಾಕು ಸುತ್ತಿ ಆಳುಗಳ ಹಾಜರಿ ಹಾಕುವುದೇ ನನ್ನ ಅನ್ನ.

ಕೊಯ್ಲು ಶುರುವಾಗುವ ಹೊತ್ತಿಗೆ ನಾನು ಎರಡು ಬ್ಲಾಕಿಗೇ ಕುಂಟುತ್ತಿದ್ದೆ. ಸಾಹುಕಾರರು ಕೆಟ್ಟವರಲ್ಲ. ಅವರು ಒಂದು ದಿನ ಕಚೇರಿಯ ಬಾಗಿಲಲ್ಲಿ ನಿಂತು, ನನ್ನ ಮುಖ ನೋಡದೆ ಹೇಳಿದರು: "ಕಣ ಖಾಲಿಯಾಗೋವರೆಗೆ ನೀವು ಅಲ್ಲೇ ಕೂತು ತೂಕ ಬರ್ಕೊಳಿ. ಅಷ್ಟರಲ್ಲಿ ಸರಿಹೋಗದಿದ್ರೆ ಬೇರೆ ರೈಟ್ರನ್ನ ನೋಡ್ಲೇಬೇಕಾಗತ್ತೆ. ಬೇಜಾರು ಮಾಡ್ಕೋಬೇಡಿ." ಕೆಲಸ ಹೋದರೆ ಕ್ವಾರ್ಟರ್ಸೂ ಹೋಗುತ್ತದೆ. ನನಗಾಗ ಐವತ್ತೆರಡು. ಏಳನೆಯ ತರಗತಿಗೆ ಶಾಲೆ ಬಿಟ್ಟು, ಸಿಕ್ಕ ಪುಸ್ತಕಗಳನ್ನು ಓದಿಕೊಂಡು ಬೆಳೆದವನಿಗೆ ಇನ್ನೊಂದು ಎಸ್ಟೇಟಿನ ಬಾಗಿಲು ಆ ಕಾಲಿನಲ್ಲಿ ತೆರೆಯುವಂತಿರಲಿಲ್ಲ.

ಮಾರನೆಯ ದಿನ ಕಣದ ತೊಟ್ಟಿಯಲ್ಲಿ ಕಾಲು ತೊಳೆದು ಒಣ ಸಿಮೆಂಟಿನ ಮೇಲೆ ಹತ್ತು ಹೆಜ್ಜೆ ಹಾಕಿದ್ದೆ.

"ನಿಲ್ಲಿ, ರೈಟ್ರೇ. ತಿರುಗಿ ನೋಡಿ."

ನೋಡಿದೆ. ನನ್ನ ಎಡಗಾಲಿನ ಒದ್ದೆ ಗುರುತುಗಳು ಪೂರ್ತಿಯಾಗಿದ್ದವು. ಬಲಗಾಲಿನದರಲ್ಲಿ ಐದು ಬೆರಳು, ಅವುಗಳ ಹಿಂದಿನ ದಿಂಡು, ಅಷ್ಟೇ. ಹಿಮ್ಮಡಿಯೇ ಇರಲಿಲ್ಲ.

"ಎಷ್ಟು ದಿನದಿಂದ ಹಿಂಗೆ ತುದಿಗಾಲಲ್ಲಿ?"

"ನೋವಾಗತ್ತಲ್ಲ ದ್ಯಾವಮ್ಮ, ಅದಕ್ಕೆ ಹಿಮ್ಮಡಿ ಉಳಿಸ್ತಿದೀನಿ."

"ಉಳಿಸ್ತಿದೀರ? ಕಾಲಿಗೆ ಎತ್ರದ ಜೋಡು ಹಾಕ್ದಂಗೆ ಮೀನಖಂಡ ಗಿಡ್ಡ ಆಗ್ತಾ ಬಂದಿದೆ, ಅದು ಹಿಮ್ಮಡಿನ ಮೇಲಕ್ಕೆ ಎಳೀತಾ ಉಂಟು. ಉಳಿಸೋದಂತೆ! ನಿಮ್ ಮಳೆಗಾಲದ ಬೂಟು ತನ್ನಿ ನೋಡನ."

ತಂದುಕೊಟ್ಟೆ. ಜಿಗಣೆಗೆ ಹೆದರಿ ಎರಡು ಜೊತೆ ಕಾಲುಚೀಲ ತುಂಬಿಸಲೆಂದು ನಾನು ಕೊಳ್ಳುತ್ತಿದ್ದುದು ಅಳತೆಗಿಂತ ದೊಡ್ಡ ಗಂಬೂಟು. ಮೂರು ಮಳೆಗಾಲ ಕಂಡು ಅದರ ಹಿಂಭಾಗ ಒಂದೇ ಪಕ್ಕಕ್ಕೆ ಸವೆದುಹೋಗಿತ್ತು. ದ್ಯಾವಮ್ಮ ಅದನ್ನು ಬೋರಲು ಹಾಕಿ ನೋಡಿ, ಕಣದ ಹೆಂಗಸರತ್ತ ತಿರುಗಿ, "ಇದರಲ್ಲಿ ಭದ್ರಾ ಹೊಳೆ ದಾಟಬೋದು ಕಣ್ರೇ, ನಡೆಯಾಕಾಗಲ್ಲ" ಎಂದಳು. ಎಲ್ಲರೂ ನಕ್ಕರು. ನಾನೂ ನಗಬೇಕಾಯಿತು.

ಆಕೆ ಹೇಳಿದ ಮದ್ದಿಗೆ ಮದ್ದೆಂಬ ಹೆಸರು ಸಲ್ಲದು. ಹಾಸಿಗೆ ಬಿಡುವ ಮುಂಚೆ ಪಾದದ ತುದಿಗೆ ಟವೆಲ್ ಹಾಕಿ, ಮೊಣಕಾಲು ಮಡಚದೆ ನಿಧಾನವಾಗಿ ತನ್ನತ್ತ ಎಳೆದುಕೊಳ್ಳುವುದು. ಕಣದ ಕಟ್ಟೆಯ ಅಂಚಿನಲ್ಲಿ ಅರ್ಧಪಾದ ಊರಿ ನಿಂತು, ಗೋಡೆ ಹಿಡಿದು, ಹಿಮ್ಮಡಿಯನ್ನು ಕೆಳಕ್ಕೆ ಇಳಿಬಿಡುವುದು. ಕುಳಿತಾಗ ಕಾಫಿ ಗಿಡದ ನುಣುಪಾದ ಕಟ್ಟಿಗೆ ತುಂಡೊಂದನ್ನು ಪಾದದ ಗುಳಿಯಲ್ಲಿ ಹೊರಳಿಸುವುದು. ಅಳತೆಗೆ ಸರಿಯಾದ ಹೊಸ ಬೂಟು ಕೊಂಡು, ಹಳೆಯ ಹವಾಯಿ ಚಪ್ಪಲಿಯೊಂದರ ಹಿಂಭಾಗ ಕೊಯ್ದು ಅದರ ಒಳಗಿಡುವುದು. ಕಣದಲ್ಲಿ ಮಾತ್ರ ಹಾಕಲೆಂದು ತೊಳೆದ ಒಂದು ಜೊತೆ ಚಪ್ಪಲಿಯನ್ನು ಆಕೆಯೇ ತೊಟ್ಟಿಯ ಪಕ್ಕದಲ್ಲಿಟ್ಟಳು. ಇದಕ್ಕೆ ಹೆಂಗಸರಲ್ಲಿ ಒಬ್ಬಳು ತಕರಾರು ತೆಗೆದಳು: "ನಮ್ಗೆ ಬರಿಗಾಲು, ರೈಟ್ರಿಗೆ ಚಪ್ಪಲಿಯಾ?"

"ನಿನ್ ಹೆಜ್ಜೆ ನೋಡ್ಕೊಳೇ, ರೊಟ್ಟಿ ತಟ್ಟಿದಂಗೆ ಪೂರ್ತಿ ಬಿದ್ದದೆ. ಅವ್ರದ್ದೂ ಹಂಗೆ ಬಿದ್ದ ದಿನ ಚಪ್ಪಲಿ ಕಿತ್ಕೊತೀನಿ."

ಬೆಳಗಿನ ಮೊದಲ ಹೆಜ್ಜೆಯೇ ಏಕೆ ಅಷ್ಟು ನೋಯಬೇಕೆಂದು ಕೇಳಿದ್ದಕ್ಕೆ, ಮಳೆಯಲ್ಲಿ ನೆನೆದ ಹಗ್ಗ ಗಿಡ್ಡವಾಗುವಂತೆ ರಾತ್ರಿಯಿಡೀ ಮಲಗಿದ ಕಾಲಿನ ನರವೂ ಗಿಡ್ಡವಾಗುತ್ತದೆ ಎಂದಳು. ಹೋಲಿಕೆಯೆಂಬುದು ಪುರಾವೆಯಲ್ಲ. ನಾನು ಮನೆಗೆ ಹೋಗಿ ತೆಂಗಿನ ನಾರಿನ ಹಗ್ಗವೊಂದನ್ನು ಅಳೆದು, ನೀರಿನಲ್ಲಿ ಮುಳುಗಿಸಿ, ಮತ್ತೆ ಅಳೆದೆ. ನಾಲ್ಕು ಬೆರಳು ಗಿಡ್ಡವಾಗಿತ್ತು. ಹಗ್ಗದ ವಿಷಯ ನಿಜವಾಯಿತು; ನರದ ವಿಷಯ ಉಳಿಯಿತು. ಮೂರು ವಾರ ಆಕೆ ಹೇಳಿದಂತೆ ಮಾಡಿ, ನೋವು ಅರ್ಧಕ್ಕಿಳಿದಾಗ, ಪರೀಕ್ಷಿಸಲೆಂದು ಐದು ದಿನ ಎಲ್ಲವನ್ನೂ ನಿಲ್ಲಿಸಿದೆ. ಆರನೆಯ ಬೆಳಿಗ್ಗೆ ಮೊಳೆ ಹಾಜರು.

ಕಣದಲ್ಲಿ ನನ್ನ ಹೆಜ್ಜೆ ನೋಡಿದ ದ್ಯಾವಮ್ಮನಿಗೆ ಹೇಳುವ ಅಗತ್ಯವೇ ಬೀಳಲಿಲ್ಲ. "ಬಿಟ್ರಿ ಅಲ್ವಾ?"

"ನಿಜವೋ ಸುಳ್ಳೋ ನೋಡ್ಬೇಕಿತ್ತು."

"ಕಣ ಇನ್ನು ಒಂದು ತಿಂಗಳು ತುಂಬಿರತ್ತೆ ಮಾರಾಯ್ರೇ. ನೀವು ನಿಜ ಸುಳ್ಳು ನೋಡ್ತಾ ಕೂತ್ಕೊಳಿ. ಸಾವ್ಕಾರ್ರು ರೈಟ್ರನ್ನ ನೋಡ್ತಾರೆ." ಸಿಟ್ಟಿನಲ್ಲಿ ಆಕೆ ನನ್ನ ಮುಖವನ್ನು ನೇರವಾಗಿ ನೋಡಿದ್ದು ಅದೊಂದೇ ಸಲ. ನಾನು ಮತ್ತೆ ಬಿಡಲಿಲ್ಲ.

ಕೊನೆಯ ಪಾರ್ಚ್‌ಮೆಂಟ್ ಚೀಲ ಸೇರಿದ ದಿನ ಸಾಹುಕಾರರು ಕಣಕ್ಕೆ ಬಂದರು. ಅವರು ಬಾಯಿ ತೆರೆಯುವ ಮೊದಲೇ ದ್ಯಾವಮ್ಮ, "ರೈಟ್ರೇ, ಕಾಲು ತೊಳ್ಕೊಂಡು ಆ ತುದಿವರೆಗೆ ಹೋಗ್ಬನ್ನಿ" ಎಂದಳು. ಖಾಲಿ ಕಣದ ಉದ್ದಕ್ಕೂ ನಡೆದೆ. ತಿರುಗಿದಾಗ ಬಿಸಿಲಿಗೆ ಆರುತ್ತಿದ್ದ ಹೆಜ್ಜೆಗಳ ಸಾಲು ಕಂಡಿತು, ಎಡ ಬಲ ಎರಡರಲ್ಲೂ ಗುಂಡನೆಯ ಹಿಮ್ಮಡಿ. ಸಾಹುಕಾರರು ಬಹಳ ಹೊತ್ತು ನೋಡಿದರು. "ನಾಳೆಯಿಂದ ಮೇಲಿನ ಬ್ಲಾಕಿಗೆ ಹೋಗ್ತೀರಾ ಹಾಗಾದ್ರೆ?" ಎಂದರು. ಹೋಗುತ್ತೇನೆಂದೆ. ದ್ಯಾವಮ್ಮ ಆಗಲೇ ತೊಟ್ಟಿಯ ಪಕ್ಕದ ಚಪ್ಪಲಿ ಎತ್ತಿಕೊಂಡು ಹೊರಟಿದ್ದಳು.

"ನಿಮ್ಮ ಕೈಗುಣ ದೊಡ್ಡದು" ಎಂದು ಯಾರೋ ಅಂದಾಗ ಆಕೆ ಕೊಟ್ಟ ಉತ್ತರವನ್ನು ಕಥೆ ಕಟ್ಟುವವರು ಕೇಳಿಸಿಕೊಳ್ಳಬೇಕಿತ್ತು. "ಕೈಗುಣ ಎಂತದು? ನಡು ಬಗ್ಗಿಹೋಗಿದೆ. ನೆಲ ಬಿಟ್ಟು ನಂಗೆ ಬೇರೆ ಎಂತ ಕಾಣತ್ತೆ?" ಐವತ್ತು ವರ್ಷ ಬಗ್ಗಿ ಕಳೆ ಕಿತ್ತ, ಬಗ್ಗಿ ಬೀಜ ಆರಿಸಿದ ಬೆನ್ನು ಅದು. ಯಾರ ನೋವು ಯಾವ ಜೋಡಿನಲ್ಲಿ, ಯಾವ ನಡಿಗೆಯಲ್ಲಿ ಹುಟ್ಟಿತು, ಏನು ಮಾಡಿದಾಗ ಇಳಿಯಿತು ಎಂಬುದನ್ನು ಆಕೆ ನೋಡಿ ನೆನಪಿಟ್ಟುಕೊಂಡಿದ್ದಳು. ಇದಕ್ಕೆ ಅಜ್ಜಿಯ ಮಂತ್ರ ಬೇಕಿರಲಿಲ್ಲ.

ನಾನು ನಿವೃತ್ತನಾದ ಮೇಲೆ, ಎರಡು ಸಾವಿರದ ಇಸವಿಯ ಆಚೆಯ ಒಂದು ವರ್ಷ, ಕಳಸದಲ್ಲಿ ತನ್ನ ತಂಗಿಯ ಮಗಳ ಮನೆಯಲ್ಲಿದ್ದ ದ್ಯಾವಮ್ಮನನ್ನು ನೋಡಲು ಬಸ್ಸು ಹತ್ತಿ ಹೋದೆ. ಎರಡೂ ಕಣ್ಣಿಗೆ ಪೊರೆ ಬಂದು ಆಕೆಗೆ ಬೆಳಕು ನೆರಳು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ನಾನು ಹಳೆಯ ಅಭ್ಯಾಸದಂತೆ ಅಂಗಳದ ನಲ್ಲಿಯಲ್ಲಿ ಕಾಲು ತೊಳೆದು ಜಗಲಿ ಹತ್ತಿದೆ. ಹೆಸರು ಹೇಳುವ ಮೊದಲೇ ಆಕೆ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿದಳು.

"ರೈಟ್ರಾ?"

"ಹೌದು. ಹೆಂಗೆ ಗೊತ್ತಾಯ್ತು?"

"ಹಿಮ್ಮಡಿ ಊರಿದ ಸದ್ದು ಕೇಳ್ತಲ್ಲ. ಮೊದಲು ಬಲಗಾಲು ಹಾಕಿದ್ರಿ, ಅಷ್ಟು ಧೈರ್ಯ ಬಂತು ಅನ್ನಿ."

ಹಲಸಿನ ಹಪ್ಪಳ ತಿಂದೆವು, ಯಾರಿದ್ದಾರೆ ಯಾರಿಲ್ಲ ಎಂದು ಎಣಿಸಿದೆವು. ಸಂಜೆಯ ಬಸ್ಸಿಗೆ ಹೊರಟಾಗ ಆಕೆ ಕಂಬ ಹಿಡಿದು ಎದ್ದು ನಿಂತಳು. "ನಂಗೆ ಕಾಣಲ್ಲ. ಕೇಳೋ ಹಂಗೆ ನಡೀರಿ" ಎಂದಳು.

ಅದೇ ಕೊನೆಯ ಭೇಟಿ. ಅಂಗಳದ ಕಲ್ಲುಹಾಸಿನ ಮೇಲೆ, ಆಮೇಲೆ ಡಾಂಬರು ರಸ್ತೆಯ ಮೇಲೆ, ತಿರುವು ಬರುವವರೆಗೂ ಬಲ ಹಿಮ್ಮಡಿಯನ್ನು ಬೇಕೆಂದೇ ಗಟ್ಟಿಯಾಗಿ ಊರುತ್ತ ನಡೆದೆ. ನೋಯಲಿಲ್ಲ.